ಎರಡೂವರೆ ಸಾವಿರಕ್ಕೆ ಒಂದು ಕಡಲು

ನವಲಗುಂದದಲ್ಲಿ ನಿಂತು ‘ಸಮುದ್ರ ಎಲ್ಲೈತಿ?’ ಎಂದು ಕೇಳಿದರೆ ಹಿರಿಯರು ಪಡುವಣ ದಿಕ್ಕಿಗೆ ಕೈ ಮಾಡುತ್ತಾರೆ. ಹುಬ್ಬಳ್ಳಿ ದಾಟಬೇಕು, ಕಲಘಟಗಿ ದಾಟಬೇಕು, ಯಲ್ಲಾಪುರದ ಕಾಡು ಹಾದು ಘಟ್ಟ ಇಳಿಯಬೇಕು. ಆಮೇಲೆ ಅಂಕೋಲಾ, ಕಾರವಾರ, ಕುಮಟಾ. ನಮ್ಮದು ಎರೆ ಹೊಲದ ಸೀಮೆ. ಹತ್ತಿ, ಕಡಲೆ, ಗೋಧಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಬೆಳೆಯುವ ಊರು. ಹರಿಯುವ ನೀರೆಂದರೆ ನಮಗೆ ಬೆಣ್ಣೆಹಳ್ಳ. ಅದು ಕೂಡ ಮಳೆಗಾಲದಲ್ಲಿ ಊರು ನುಗ್ಗುವಷ್ಟು ಬಂದು, ಬೇಸಿಗೆಯಲ್ಲಿ ಕಣ್ಣಿಗೆ ಕಾಣದಂತೆ ಹೋಗುವ ಹಳ್ಳ.

ಇಂಥ ಊರಿಗೂ ಹಡಗಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಹಳೆಯದು ಮಕ್ಕಳೇ. ನಮಗಿಂತ ಮೊದಲು ಕಡಲು ದಾಟಿದ್ದು ನಮ್ಮ ಹತ್ತಿ. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಗೆ ಇನ್ನೂ ರೈಲು ಬಂದಿರದಿದ್ದಾಗ, ಧಾರವಾಡ ಸೀಮೆಯ ಹತ್ತಿ ಎತ್ತಿನ ಬಂಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಅಲ್ಲಿಂದ ಹಡಗಿನಲ್ಲಿ ಮುಂಬಯಿ, ಮುಂಬಯಿಯಿಂದ ಇಂಗ್ಲೆಂಡಿನ ಲಿವರ್‌ಪೂಲ್. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಬರುವುದು ನಿಂತಾಗ ನಮ್ಮ ಕಡೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಬೆಳೆದದ್ದು ನಮ್ಮ ಎರೆ ಹೊಲದಲ್ಲಾದರೂ ಪೇಟೆಯಲ್ಲಿ ಆ ಹತ್ತಿಗೆ ‘ಕುಮಟಾ’ ಎಂಬ ಹೆಸರೇ ನಿಂತಿತು. ಹಡಗು ಹತ್ತಿದ ಊರಿನ ಹೆಸರು!

ಹತ್ತಿಯ ಹಿಂದೆ ಮನುಷ್ಯರೂ ಹೋದರು. ಸವಣೂರಿನಲ್ಲಿ ಹುಟ್ಟಿ, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ ವಿ.ಕೃ. ಗೋಕಾಕರು 1936ರಲ್ಲಿ ಓದಲಿಕ್ಕೆ ಆಕ್ಸ್‌ಫರ್ಡಿಗೆ ಹೋದದ್ದು ಹಡಗಿನ ಕಾಲದಲ್ಲಿ. ಆ ಕಡಲು ಅವರಿಂದ ‘ಸಮುದ್ರಗೀತೆಗಳು’ ಎಂಬ ಕವನ ಸಂಕಲನವನ್ನೂ, ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಕಥನವನ್ನೂ ಬರೆಸಿತು. ಇನ್ನು ನಮ್ಮೂರಲ್ಲಿ ಜಮಖಾನ ನೇಯುವ ಓಣಿಯ ಹಿರಿಯರನ್ನು ಮಾತಿಗೆಳೆದರೆ ಹಜ್ ಹಡಗಿನ ಸುದ್ದಿ ಬರುತ್ತದೆ. ಮುಂಬಯಿಯಿಂದ ಜೆದ್ದಾಕ್ಕೆ ಹಾಜಿಗಳ ಹಡಗು ಹೋಗುತ್ತಿತ್ತು. 1995ರಲ್ಲಿ ಅದು ನಿಂತಿತು. ಮದ್ರಾಸಿನಿಂದ ಪಿನಾಂಗ್, ಸಿಂಗಪುರಕ್ಕೆ ಹೋಗುತ್ತಿದ್ದ ‘ಚಿದಂಬರಂ’ ಹಡಗಿಗೆ 1985ರಲ್ಲಿ ಬೆಂಕಿ ಬಿದ್ದ ಮೇಲೆ ಆ ದಾರಿಯೂ ಮುಚ್ಚಿತು. ಮುಂಬಯಿಯಿಂದ ಆಫ್ರಿಕದ ಮೊಂಬಾಸಾಕ್ಕೆ ಹೋಗುತ್ತಿದ್ದ ಹಡಗುಗಳೂ ಇಲ್ಲವಾದವು. ಎಲ್ಲ ಕಡೆ ವಿಮಾನ ಬಂತು.

ಹಾಗಾದರೆ ಇವತ್ತು ನಮ್ಮಂಥವರು, ಪಿಂಚಣಿಯಲ್ಲಿ ಮನೆ ನಡೆಸುವವರು, ಹಡಗಿನಲ್ಲಿ ಕಡಲು ದಾಟುವ ದಾರಿ ಉಳಿದಿದೆಯೇ? ಉಳಿದಿದೆ. ನಾನು, ನನ್ನ ಹೆಂಡತಿ, ಏಳನೇ ಇಯತ್ತೆ ಮುಗಿಸಿದ ಮೊಮ್ಮಗ, ಮೂವರೂ 2018ರ ಏಪ್ರಿಲ್ ತಿಂಗಳಲ್ಲಿ ಆ ದಾರಿಯಲ್ಲಿ ಹೋಗಿ ಬಂದೆವು.

ಅಕ್ಕನ ಊರು

ನನ್ನ ಅಕ್ಕ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿದ್ದಾಳೆ. ಈಗ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ನಮ್ಮ ಭಾವ ಸರ್ಕಾರಿ ಕೆಲಸ ಸಿಕ್ಕಿ ಅಲ್ಲಿಗೆ ಹೋದವರು. ಅಕ್ಕನೂ ಹಡಗಿನಲ್ಲೇ ಅತ್ತೆಮನೆಗೆ ಹೋದಂತಾಯಿತು. ಮೊದಲೆಲ್ಲ ಮೂರು ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದಳು. ಭಾವ ತೀರಿಕೊಂಡ ಮೇಲೆ ಅದೂ ತಪ್ಪಿತು. ಒಂಬತ್ತು ವರ್ಷ ನಾವು ಅಕ್ಕನ ಮುಖ ಕಂಡಿರಲಿಲ್ಲ. ಆ ವರ್ಷ ಫೆಬ್ರವರಿಯಲ್ಲಿ ಅವಳು ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಇನ್ನು ದೂರದ ಪ್ರಯಾಣ ಬೇಡ ಅಂದರು ಡಾಕ್ಟರು. ಅವಳು ಬರಲಾರಳು, ನಾವೇ ಹೋಗಬೇಕು.

ವಿಮಾನದ ಲೆಕ್ಕ ಹಾಕಿದೆವು. ರಜೆಯ ದಿನಗಳಾದ್ದರಿಂದ ಬೆಂಗಳೂರಿನಿಂದ ಒಂದು ಕಡೆಗೇ ತಲೆಗೆ ಹತ್ತು ಸಾವಿರದ ಆಸುಪಾಸು. ಮೂವರು ಹೋಗಿ ಬರಲಿಕ್ಕೆ ಅರವತ್ತು ಸಾವಿರ. ಹಡಗಿನ ಬಂಕ್ ಟಿಕೆಟ್ಟಿಗೆ ಆಗ ತಲೆಗೆ ಎರಡೂವರೆ ಸಾವಿರದ ಆಸುಪಾಸು. ಅಂದರೆ ಮೂವರಿಗೆ ಹೋಗಿ ಬರಲು ಹದಿನೈದು ಸಾವಿರ. ನನ್ನ ಹೆಂಡತಿ ಲೆಕ್ಕದ ಚೀಟಿ ನೋಡಿ, “ಮೂರು ದಿನ ಹೆಚ್ಚು ಹಿಡದರ ಹಿಡೀಲಿ. ನಮಗ ಮನ್ಯಾಗರ ಏನು ಕೆಲಸ ಐತಿ?” ಅಂದಳು. ಮೊಮ್ಮಗ, “ನನಗೂ ಮೇ ತಿಂಗಳ ತನಕ ಸೂಟಿ ಅಜ್ಜಾ” ಅಂದ.

ಈ ಎರಡು ಮಾತಿನಲ್ಲಿ ಹಡಗು ಪ್ರಯಾಣದ ಗುಟ್ಟೆಲ್ಲ ಇದೆ. ವಿಮಾನಕ್ಕೆ ಬೇಕಾದ್ದು ದುಡ್ಡು. ಹಡಗಿಗೆ ಬೇಕಾದ್ದು ದಿನ. ದುಡ್ಡು ಕಡಿಮೆ ಇದ್ದು ದಿನ ಹೆಚ್ಚು ಇರುವವರು ಮನೆಯಲ್ಲಿ ಇಬ್ಬರೇ: ಅಜ್ಜ-ಅಜ್ಜಿಯರು ಮತ್ತು ಸೂಟಿಯ ಮಕ್ಕಳು.

ಮದ್ರಾಸಿನ ಬಂದರು

ಅಂಡಮಾನಿಗೆ ಮೂರು ಊರುಗಳಿಂದ ಹಡಗು ಉಂಟು: ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣ. ಚೆನ್ನೈ, ಕೋಲ್ಕತ್ತದಿಂದ ತಿಂಗಳಿಗೆ ಮೂರು ನಾಲ್ಕು ಸಲ, ವಿಶಾಖಪಟ್ಟಣದಿಂದ ತಿಂಗಳಿಗೊಂದು ಸಲ. ‘ನಾನ್‌ಕೌರಿ’, ‘ನಿಕೋಬಾರ್’, ‘ಸ್ವರಾಜ್ ದ್ವೀಪ್’ ಎಂಬ ಹಡಗುಗಳು ಈ ದಾರಿಯಲ್ಲಿ ಹೆಸರಾದವು. ಒಂದೊಂದು ಸುಮಾರು 1,200 ಜನರನ್ನು ಹೊರುತ್ತದೆ. ದ್ವೀಪದ ಜನಕ್ಕೆ ಇವು ಮೋಜಿನ ಹಡಗಲ್ಲ, ನಮ್ಮ ಹುಬ್ಬಳ್ಳಿ ಬಸ್ಸಿದ್ದಂತೆ. ಅದಕ್ಕೇ ಸರ್ಕಾರ ಕೈಯಿಂದ ಹಣ ಹಾಕಿ ದರ ಕಡಿಮೆ ಇಟ್ಟಿದೆ.

ನವಲಗುಂದಕ್ಕೆ ರೈಲಿಲ್ಲ. ಬಸ್ಸಿನಲ್ಲಿ ಹುಬ್ಬಳ್ಳಿ, ರಾತ್ರಿ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಚೆನ್ನೈ. ಬುತ್ತಿ ಗಂಟು ದೊಡ್ಡದಿತ್ತು. ಕಡಕ್ ಜೋಳದ ರೊಟ್ಟಿ ಐವತ್ತು, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಒಂದು ಡಬ್ಬಿ ಮಾದಲಿ. ಅದರ ಜೊತೆ ಸುತ್ತಿದ ಒಂದು ಜಮಖಾನ. ನಮ್ಮೂರ ಜಮಖಾನಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಹೆಣ್ಣುಮಕ್ಕಳು ಮನೆಯೊಳಗೆ ನಿಲ್ಲಿಸಿದ ಮಗ್ಗದಲ್ಲಿ ಹತ್ತಿ ನೂಲಿನಿಂದ ನೇಯುತ್ತಾರೆ. ನವಿಲು, ಪಗಡೆ ಹಾಸಿನ ಚಿತ್ರ ಅದರಲ್ಲಿ ಬರುತ್ತದೆ. ಅಕ್ಕನಿಗೆಂದು ನವಿಲಿನದೊಂದನ್ನು ಒಯ್ದೆವು.

ಬಂದರಿನಲ್ಲಿ ಟಿಕೆಟ್, ಗುರುತಿನ ಚೀಟಿ, ಸಾಮಾನು ಎಲ್ಲ ತಪಾಸಣೆ ಮಾಡಿದರು. ಆಮೇಲೆ ಏಣಿಯಂಥ ಸೇತುವೆ ಹತ್ತಿ ಒಳಗೆ ಹೋದೆವು. ಬಂಕ್ ಎಂದರೆ ಹಡಗಿನ ಕೆಳಗಿನ ಅಂತಸ್ತಿನ ದೊಡ್ಡ ಹಾಲು. ರೈಲಿನ ಸ್ಲೀಪರ್ ಡಬ್ಬಿಯ ಹಾಗೆ ಸಾಲಾಗಿ ಕೆಳಗೊಂದು ಮೇಲೊಂದು ಮಲಗುವ ಹಲಗೆ. ಕಕ್ಕಸು, ಬಚ್ಚಲು ಎಲ್ಲರಿಗೂ ಸೇರಿ. ಕಿಟಕಿ ಇಲ್ಲ. ದುಡ್ಡು ಹೆಚ್ಚು ಕೊಟ್ಟರೆ ಇಬ್ಬರ, ನಾಲ್ವರ ಕೋಣೆಗಳೂ ಇವೆ. ಆದರೆ ಮೇಲಿನ ಅಟ್ಟ, ಅಂದರೆ ಡೆಕ್ಕು, ಎಲ್ಲರದು. ಕಡಲು ನೋಡಲಿಕ್ಕೆ ಬಂಕಿನವರಿಗೂ ಕೋಣೆಯವರಿಗೂ ಒಂದೇ ಕಟಕಟೆ.

ಸೈಕಲ್ಲಿನ ವೇಗ

ಚೆನ್ನೈಯಿಂದ ಪೋರ್ಟ್ ಬ್ಲೇರ್ ಸುಮಾರು 1,190 ಕಿಲೋಮೀಟರ್. ಹಡಗು ಹಿಡಿಯುವುದು ಸುಮಾರು ಅರವತ್ತು ತಾಸು. ಮೊಮ್ಮಗ ಭಾಗಾಕಾರ ಮಾಡಿದ. “ಅಜ್ಜಾ, ತಾಸಿಗೆ ಇಪ್ಪತ್ತು ಕಿಲೋಮೀಟರಷ್ಟ! ನಾ ಸೈಕಲ್ ಜೋರಾಗಿ ತುಳದ್ರ ಇಷ್ಟ ಹೋಗ್ತೇನಿ!” ನಿಜ. ಆದರೆ ಸೈಕಲ್ಲು ರಾತ್ರಿ ನಿಲ್ಲುತ್ತದೆ, ಹಡಗು ನಿಲ್ಲುವುದಿಲ್ಲ. ಅದೇ ಅದರ ಬಲ.

ಮೊದಲ ದಿನ ಸಂಜೆಯ ಹೊತ್ತಿಗೆ ದಂಡೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಮೊಬೈಲಿನ ಸಿಗ್ನಲ್ಲೂ ಹೋಯಿತು. ದಂಡೆಯ ಹತ್ತಿರ ಹಸಿರಾಗಿದ್ದ ನೀರು ಮರುದಿನ ಬೆಳಗ್ಗೆ ಶಾಯಿಯಂತೆ ಕಡುನೀಲಿಯಾಗಿತ್ತು. ಬಂಗಾಳ ಕೊಲ್ಲಿಯ ಸರಾಸರಿ ಆಳ ಸುಮಾರು 2,600 ಮೀಟರ್. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಆ ಬೆಟ್ಟವನ್ನು ತಂದು ಅಷ್ಟು ಆಳದಲ್ಲಿ ಇಳಿಸಿದರೆ ತುದಿಯೂ ಕಾಣದು. ಅದರ ಮೇಲೆ ನಾವು ಚಟ್ನಿ ರೊಟ್ಟಿ ತಿನ್ನುತ್ತ ಕೂತಿದ್ದೆವು.

ಆ ನೀರು ನೋಡಿ ನನ್ನ ಹೆಂಡತಿಗೆ ‘ಕರಿನೀರು’ ಎಂಬ ಮಾತು ನೆನಪಾಯಿತು. ಕಡಲು ದಾಟಿದರೆ ಜಾತಿ ಕೆಡುತ್ತದೆ ಎಂದು ಜನ ಹೆದರುತ್ತಿದ್ದ ಕಾಲವಿತ್ತು. ಬ್ರಿಟಿಷರು ಕೈದಿಗಳನ್ನು ಅಂಡಮಾನಿಗೆ ಸಾಗಿಸುವ ಶಿಕ್ಷೆಗೆ ‘ಕರಿನೀರಿನ ಶಿಕ್ಷೆ’ ಎಂದೇ ಹೆಸರಾಯಿತು. ಪೋರ್ಟ್ ಬ್ಲೇರಿನಲ್ಲಿ ಕೈದಿಗಳ ವಸಾಹತು ಶುರುವಾದದ್ದು 1858ರಲ್ಲಿ. ಅದೇ ವರ್ಷ ಜೂನ್ ತಿಂಗಳಲ್ಲಿ ನಮ್ಮ ನೆರೆಯ ನರಗುಂದದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಮುಂದೆ 1896ರಿಂದ 1906ರವರೆಗೆ ಸೆಲ್ಯುಲರ್ ಜೈಲು ಕಟ್ಟಿದರು. ಏಳು ಸಾಲು ಕಟ್ಟಡ, ಒಬ್ಬೊಬ್ಬ ಕೈದಿಗೆ ಒಂದೊಂದೇ ಕೋಣೆ. ಇದನ್ನು ಹೇಳಿದಾಗ ಮೊಮ್ಮಗ ತನ್ನ ಟಿಕೆಟ್ ತೆಗೆದು ನೋಡಿಕೊಂಡ. “ಅವರಿಗೆ ತಿರುಗಿ ಬರೂ ಟಿಕೀಟ ಇರಲಿಲ್ಲೇನು?” ಅಂದ. ಬಹಳ ಮಂದಿಗೆ ಇರಲಿಲ್ಲ.

ಎರಡನೇ ದಿನ ಹಾರುವ ಮೀನು ಕಂಡವು. ಹಡಗಿನ ಪಕ್ಕದಲ್ಲಿ ಬೆಳ್ಳಿಯ ಚೂರಿನಂತೆ ನೀರಿನಿಂದ ಚಿಮ್ಮಿ, ಅಷ್ಟು ದೂರ ತೇಲಿ, ಮತ್ತೆ ನೀರಿಗೆ ಬೀಳುತ್ತಿದ್ದವು. ಮಕ್ಕಳಿಗೆಲ್ಲ ಅವನ್ನು ಎಣಿಸುವುದೇ ಆಟ. ನಮ್ಮ ಹಾಲಿನಲ್ಲಿ ತಮಿಳರು, ತೆಲುಗರು, ಬಂಗಾಳಿಗಳು ಇದ್ದರು. ಮದುವೆ ಸಾಮಾನು ಕೊಂಡು ಹೊರಟ ಕುಟುಂಬವೊಂದಿತ್ತು, ಆಸ್ಪತ್ರೆಗೆ ಬಂದು ಹಿಂದಿರುಗುತ್ತಿದ್ದ ಮುದುಕರಿದ್ದರು. ಮಾದಲಿ ಡಬ್ಬಿ ಎರಡನೇ ದಿನಕ್ಕೇ ಅರ್ಧ ಖಾಲಿಯಾಯಿತು. ಬದಲಿಗೆ ನಮಗೆ ನಿಂಬೆ ಅನ್ನ ಸಿಕ್ಕಿತು, ಬಂಗಾಳಿ ಅಜ್ಜಿಯೊಬ್ಬರಿಂದ ಹುರಿಗಡಲೆ ಸಿಕ್ಕಿತು. ಏಪ್ರಿಲ್ಲಿನ ಕಡಲು ಶಾಂತವಿದ್ದರೂ ನನ್ನ ಹೆಂಡತಿಗೆ ಒಂದು ದಿನ ತಲೆ ಸುತ್ತಿತು. ಶುಂಠಿ ಚೂರು ಬಾಯಲ್ಲಿಟ್ಟುಕೊಂಡು, ಡೆಕ್ಕಿನ ಗಾಳಿಯಲ್ಲಿ ಕೂತು, ದೂರದ ಬಾನಂಚನ್ನೇ ನೋಡುತ್ತಿದ್ದಳು. ಸಂಜೆಗೆ ಸರಿಹೋಯಿತು.

ಮಕ್ಕಳೇ, ಹಡಗಿನಲ್ಲಿ ಮಾತ್ರ ಕಲಿಯಬಹುದಾದ ಒಂದು ಪಾಠ ಇಲ್ಲಿದೆ. ಭೂಮಿ 15 ಡಿಗ್ರಿ ತಿರುಗಲಿಕ್ಕೆ ಒಂದು ತಾಸು ಬೇಕು. ನವಲಗುಂದ ಸುಮಾರು 75 ಡಿಗ್ರಿ ರೇಖಾಂಶದಲ್ಲಿದೆ, ಪೋರ್ಟ್ ಬ್ಲೇರ್ ಸುಮಾರು 93ರ ಹತ್ತಿರ. ಹಾಗಾಗಿ ಸೂರ್ಯ ಅಲ್ಲಿ ನಮಗಿಂತ ಒಂದು ತಾಸಿಗೂ ಹೆಚ್ಚು ಮೊದಲೇ ಮುಳುಗುತ್ತಾನೆ. ಆದರೆ ಗಡಿಯಾರ ಮಾತ್ರ ದೇಶಕ್ಕೆಲ್ಲ ಒಂದೇ. ಮೊಮ್ಮಗ ಮೂರು ಸಂಜೆ ಡೆಕ್ಕಿನಲ್ಲಿ ನಿಂತು ಸೂರ್ಯ ಮುಳುಗುವ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದ. ದಿನಕ್ಕೆ ಸುಮಾರು ಇಪ್ಪತ್ತು ನಿಮಿಷ ಮೊದಲು, ಇಪ್ಪತ್ತು ನಿಮಿಷ ಮೊದಲು. ಭೂಮಿ ದುಂಡಗಿದೆ ಎಂದು ನಾನು ನನ್ನ ಶಾಲೆಯಲ್ಲಿ ಮೂವತ್ತು ವರ್ಷ ಹೇಳಿದ್ದೆ. ಅವನು ಅದನ್ನು ಮೂರು ದಿನದಲ್ಲಿ ಕಣ್ಣಾರೆ ಅಳೆದ. ವಿಮಾನದಲ್ಲಿ ಎರಡೂವರೆ ತಾಸಿನಲ್ಲಿ ಹಾರಿ ಹೋದವನಿಗೆ ಈ ಲೆಕ್ಕ ಸಿಗುವುದಿಲ್ಲ.

“ನಮ್ಮೂರ ಮಾತು”

ಹ್ಯಾಡೋ ಎಂಬ ಧಕ್ಕೆಯಲ್ಲಿ ಹಡಗು ನಿಂತಾಗ ಅಕ್ಕನ ಮಗ ಬಂದಿದ್ದ. ಅವನಿಗೆ ಕನ್ನಡ ತಿಳಿಯುತ್ತದೆ, ಆಡಲಿಕ್ಕೆ ಬಾರದು. ಅಲ್ಲಿ ಎಲ್ಲರೂ ಹಿಂದಿ ಆಡುತ್ತಾರೆ. ಅಕ್ಕ ಮನೆಯ ಪಡಸಾಲೆಯಲ್ಲಿ ವಾಕರ್ ಹಿಡಿದು ನಿಂತಿದ್ದಳು. ನನ್ನ ನೋಡಿ ಮೊದಲು ಕೇಳಿದ್ದು ಆರೋಗ್ಯವನ್ನಲ್ಲ. “ತಮ್ಮಾ, ಬೆಣ್ಣಿಹಳ್ಳಕ್ಕ ಈ ವರ್ಷ ನೀರು ಬಂದಿತ್ತೇನೋ?” ಅಂದಳು.

ಜಮಖಾನ ಬಿಚ್ಚಿ ಮಂಚದ ಮೇಲೆ ಹಾಸಿದೆವು. ನವಿಲಿನ ಮೇಲೆ ಕೈಯಾಡಿಸುತ್ತ ಕೂತಳು. ಉಳಿದ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಉಂಡಳು. ರಾತ್ರಿ ಹನ್ನೊಂದಾದರೂ ಮಾತು ನಿಲ್ಲಲಿಲ್ಲ. “ನಿಮ್ಮ ಭಾವ ಹೋದ ಮ್ಯಾಲೆ ನಮ್ಮೂರ ಮಾತು ಆಡಾವ್ರು ಯಾರೂ ಇಲ್ಲೋ ತಮ್ಮಾ. ಫೋನಿನ್ಯಾಗ ಆಡ್ತೀನಿ ಖರೆ. ಆದ್ರ ಎದುರಿಗೆ ಕುಂತು ಆಡಿದ್ಹಂಗ ಆಗೂದಿಲ್ಲ” ಅಂದಳು. ನಾವು ಹನ್ನೆರಡು ದಿನ ಇದ್ದೆವು. ಆ ಹನ್ನೆರಡು ದಿನವೂ ನನ್ನ ಮೊಮ್ಮಗ ಅವಳಿಗೆ ಕನ್ನಡ ಪುಸ್ತಕ ಗಟ್ಟಿಯಾಗಿ ಓದಿ ಹೇಳಿದ. ವಿಮಾನದ ದುಡ್ಡು ಹೊಂದಿಸುವುದಾಗಿದ್ದರೆ ನಾನೊಬ್ಬನೇ ಹೋಗಿ ನಾಲ್ಕು ದಿನದಲ್ಲಿ ಬರುತ್ತಿದ್ದೆ. ಹಡಗಾದ್ದರಿಂದ ಮೂವರೂ ಹೋದೆವು.

ಹಡಗಿನ ಇನ್ನೊಂದು ಮುಖವನ್ನೂ ಹೇಳಬೇಕು. ಭಾವ ತೀರಿಕೊಂಡಾಗ ನಾವು ಹೋಗಲಾಗಲಿಲ್ಲ. ಮುಂದಿನ ಹಡಗಿಗೆ ಆರು ದಿನ ಇತ್ತು, ಅದರ ಮೇಲೆ ಪ್ರಯಾಣ ಮೂರು ದಿನ. ಅಕ್ಕ ಬಿದ್ದಾಗಲೂ ಅವಳನ್ನು ನೋಡಿಕೊಂಡದ್ದು ಪಕ್ಕದ ಮನೆಯ ತಮಿಳು ಹೆಣ್ಣುಮಗಳು. ನಾವು ಮುಟ್ಟಿದ್ದು ಎರಡು ತಿಂಗಳ ಮೇಲೆ. ಹಡಗು ಅವಸರದವರ ವಾಹನವಲ್ಲ. ಜಡ್ಡು, ಸಾವು, ಪರೀಕ್ಷೆ, ನೌಕರಿಯ ಸಂದರ್ಶನ ಎಂಬಂಥವಕ್ಕೆ ಅದನ್ನು ನಂಬಿ ಕೂಡಬಾರದು. ಸಾಲ ಮಾಡಿಯಾದರೂ ವಿಮಾನ ಹತ್ತಬೇಕಾದ ದಿನಗಳು ಬರುತ್ತವೆ.

ಬೇರೆ ಕಡಲು, ಬೇರೆ ಲೆಕ್ಕ

ಊರಿಗೆ ಬಂದ ಮೇಲೆ ಮೊಮ್ಮಗ ಗೋಲ ಮುಂದಿಟ್ಟುಕೊಂಡು ಕೂತ. ಇದೇ ದರದಲ್ಲಿ ಆಫ್ರಿಕಕ್ಕೆ, ಲಂಡನ್ನಿಗೆ, ಅಮೆರಿಕಕ್ಕೆ ಹೋಗಬಹುದೇ ಎಂದು ಕೇಳಿದ. ಇಲ್ಲ. ನಮ್ಮ ದೇಶದ ದಂಡೆಯಿಂದ ಅಷ್ಟು ದೂರಕ್ಕೆ ಬಸ್ಸಿನಂತೆ ವಾರವಾರ ಹೋಗುವ ಜನರ ಹಡಗು ಈಗ ಇಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ‘ಕ್ವೀನ್ ಮೇರಿ 2’ ಎಂಬ ಹಡಗು ಏಳು ರಾತ್ರಿಗಳಲ್ಲಿ ಅಟ್ಲಾಂಟಿಕ್ ದಾಟುತ್ತದೆ. ಅದು ಉಳ್ಳವರ ಹಡಗು. ಸರಕಿನ ಹಡಗುಗಳಲ್ಲಿ ಕೆಲವು ಪ್ರಯಾಣಿಕರನ್ನೂ ಕರೆದೊಯ್ಯುತ್ತಿದ್ದವು. ಆದರೆ ಹನ್ನೆರಡು ಜನರ ಮೇಲೆ ಇಲ್ಲ. ಅದಕ್ಕಿಂತ ಹೆಚ್ಚಾದರೆ ಅಂತರರಾಷ್ಟ್ರೀಯ ನಿಯಮದಂತೆ ಅದು ಪ್ರಯಾಣಿಕರ ಹಡಗಾಗುತ್ತದೆ, ನಿಯಮಗಳೂ ಬಿಗಿಯಾಗುತ್ತವೆ. ಅಲ್ಲಿ ದಿನಕ್ಕೆ ಸುಮಾರು ನೂರು ಯೂರೋ ದರವಿತ್ತು. ದಿನ ಇಪ್ಪತ್ತಾದರೆ ಎರಡು ಸಾವಿರ ಯೂರೋ, ವಿಮಾನಕ್ಕಿಂತ ದುಬಾರಿ! ಕೋವಿಡ್ ಬಂದ ಮೇಲೆ ಹಲವು ಕಂಪನಿಗಳು ಅದನ್ನೂ ನಿಲ್ಲಿಸಿದವು. ಹಡಗು ಅಂದ ಕೂಡಲೇ ಅಗ್ಗ ಅಂತಲ್ಲ. ಪ್ರತಿ ದಿನದ ಊಟ, ಹಾಸಿಗೆ ಯಾರಾದರೂ ಕೊಡಲೇಬೇಕಲ್ಲ? ಅಂಡಮಾನಿನ ದಾರಿಯಲ್ಲಿ ಅದರ ಪಾಲನ್ನು ಸರ್ಕಾರ ಹೊರುತ್ತದೆ.

ಹತ್ತಿರದ ದಾರಿ ಇನ್ನೆರಡು ಇವೆ. ಕೇರಳದ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗು ಹೋಗುತ್ತದೆ. ದ್ವೀಪ ಯಾವುದೆಂಬುದರ ಮೇಲೆ ಹದಿನಾಲ್ಕರಿಂದ ಹದಿನೆಂಟು ತಾಸು. ಅಲ್ಲಿಗೆ ಹೋಗಲು ಮೊದಲೇ ಪರವಾನಗಿ ಬೇಕು. ತಮಿಳುನಾಡಿನ ನಾಗಪಟ್ಟಿಣದಿಂದ ಶ್ರೀಲಂಕಾದ ಕಾಂಕೇಸಂತುರೈಗೆ 2023ರ ಅಕ್ಟೋಬರಿನಲ್ಲಿ ದೋಣಿ ಸಂಚಾರ ಶುರುವಾಯಿತು. ಅದು ಕೇವಲ ನಾಲ್ಕು ತಾಸಿನ ದಾರಿ, ಆದರೆ ಬೇರೆ ದೇಶವಾದ್ದರಿಂದ ಪಾಸ್‌ಪೋರ್ಟ್ ಬೇಕು. ಮಳೆ ಗಾಳಿ ಜೋರಾದರೆ ನಿಲ್ಲುತ್ತದೆ.

ಹೋಗುವವರಿಗೆ ನಾಲ್ಕು ಮಾತು

ಫೆಬ್ರವರಿಯಿಂದ ಏಪ್ರಿಲ್ ಕಡಲು ಶಾಂತವಿರುವ ಕಾಲ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಭಯ. ಹಾಗಾಗಿ ದಸರಾ ಸೂಟಿಗಿಂತ ಬೇಸಿಗೆ ಸೂಟಿಯ ಮೊದಲ ದಿನಗಳು ಒಳ್ಳೆಯವು.

ಹಡಗಿನ ವೇಳಾಪಟ್ಟಿ ಬಹಳ ಮೊದಲು ಬರುವುದಿಲ್ಲ, ಬಂದದ್ದೂ ಒಂದೆರಡು ದಿನ ಹಿಂದೆ ಮುಂದೆ ಆಗುವುದುಂಟು. ಹೊರಡುವ ಮೊದಲು ಈಗಿನ ದರ, ದಿನ ವಿಚಾರಿಸಿಕೊಳ್ಳಿ. ಹಿಂದಿರುಗುವ ರೈಲು ಟಿಕೆಟ್ಟಿಗೂ ಹಡಗು ಮುಟ್ಟುವ ದಿನಕ್ಕೂ ನಡುವೆ ಎರಡು ದಿನ ಬಿಡಿ.

ಹಾಸಲು ಹೊದೆಯಲು ನಿಮ್ಮದೇ ಇರಲಿ. ಕುಡಿಯುವ ಲೋಟ, ಚಾರ್ಜರು, ನಿತ್ಯದ ಔಷಧ ನಾಲ್ಕು ದಿನಕ್ಕೆ ಹೆಚ್ಚಿಗೆ ಇರಲಿ. ಮುಪ್ಪಿನವರು ಕೆಳಗಿನ ಬಂಕ್ ಕೇಳಿ ಪಡೆಯಿರಿ. ಹೃದಯದ, ಉಸಿರಿನ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಿ, ಯಾಕಂದರೆ ನಡುಗಡಲಿನಲ್ಲಿ ದೊಡ್ಡ ಆಸ್ಪತ್ರೆ ಇಲ್ಲ.

ಮಕ್ಕಳೇ, ನೀವು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು ಮರೆಯಬೇಡಿ. ಸೂರ್ಯ ಮುಳುಗುವ ಹೊತ್ತನ್ನು ದಿನಾ ಬರೆಯಿರಿ. ಹೋಗುವಾಗ ಇಪ್ಪತ್ತಿಪ್ಪತ್ತು ನಿಮಿಷ ಕಳೆದುಕೊಂಡದ್ದು, ಬರುವಾಗ ಅಷ್ಟಷ್ಟೇ ತಿರುಗಿ ಸಿಗುತ್ತದೆ. ಲೆಕ್ಕ ಸರಿಬಂತೋ ಇಲ್ಲವೋ ಅಜ್ಜನಿಗೆ ತೋರಿಸಿ.